ಕಾಸಿಗೊಂದು ಕೊಸರಿಗೆರಡು

ಬದಿಯಡ್ಕ

ಪ್ರೀತಿಯ ಮಗಳೇ,

ಮಂಗಳೂರಿನ ಆಸ್ಪತ್ರೆಯ ಕೆಲಸಕ್ಕೆ ನೀನು ಬರೆದ ಇಂಗ್ಲಿಷ್ ಅರ್ಜಿ ಓದಿದೆ. ಚೆನ್ನಾಗಿದೆ. ಎರಡು ಕಡೆ ಸ್ಪೆಲ್ಲಿಂಗ್ ತಿದ್ದಿದ್ದೇನೆ. ಆದರೆ ಒಂದು ಸಾಲು ಓದಿ ಮನಸ್ಸಿಗೆ ಪಿಚ್ಚೆನಿಸಿತು. ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ಬರುತ್ತದೆ ಅಂತ ಬರೆದಿದ್ದೀಯ. ಅದರ ಬೆನ್ನಿಗೇ, ಕಾಸರಗೋಡಿನಲ್ಲಿ ಇಂಥವರು 'ಎ ಡೈಮ್ ಎ ಡಜನ್' ಅಂತ ಸೇರಿಸಿದ್ದೀಯಲ್ಲ, ಯಾಕೆ ಮಗಳೇ?

ಡೈಮ್ ಅಂದರೆ ಅಮೆರಿಕದ 10 ಸೆಂಟಿನ ನಾಣ್ಯ, ಡಾಲರಿನ ಹತ್ತನೇ ಒಂದು ಪಾಲು. ಅವರ ಈಗಿನ ಚಿಲ್ಲರೆಯಲ್ಲಿ ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು ಅದೇ. ಅಷ್ಟಕ್ಕೆ ಒಂದು ಡಜನ್ ಸಿಗುವ ಸಾಮಾನು ಅಂದರೆ ಲೆಕ್ಕ ಹಾಕು. ಬ್ರಿಟನ್ನಿನವರು ಇದನ್ನೇ 'ಟೆನ್ ಎ ಪೆನ್ನಿ' ಅನ್ನುತ್ತಾರೆ. ನಮ್ಮಲ್ಲಿ 'ಕಾಸಿಗೊಂದು ಕೊಸರಿಗೆರಡು'. ಕೊಸರು ಗೊತ್ತಲ್ವಾ? ಕುಂಬಳೆ ಪೇಟೆಗೆ ಬೂತಾಯಿ ಜಾಸ್ತಿ ಬಂದ ದಿನ, ಮೀನಿನವಳು ದುಡ್ಡು ತೆಗೆದುಕೊಂಡ ಮೇಲೂ ಚೀಲಕ್ಕೆ ಇನ್ನೊಂದು ಹಿಡಿ ಹಾಕುತ್ತಾಳಲ್ಲ, ಅದು.

ಬರೀ ಬೆಲೆ ಕಡಿಮೆ ಅಂತ ಹೇಳಲು ಈ ಮಾತು ಬೇಡ. ಸೋವಿಗೆ ಸಿಕ್ಕಿದ ಚೂಡಿದಾರಿಗೆ 'ಡರ್ಟ್ ಚೀಪ್' ಅನ್ನು, ಸಾಕು. ಡೈಮ್ ಎ ಡಜನ್ ಅಂದಾಗ ಅದರಲ್ಲಿ ತಾತ್ಸಾರ ಇರುತ್ತದೆ. ಬೇಕಾದಷ್ಟು ಸಿಗುತ್ತದೆ, ಹಾಗಾಗಿ ಲೆಕ್ಕಕ್ಕಿಲ್ಲ ಅಂತ. 'ಐಡಿಯಾಸ್ ಆರ್ ಎ ಡೈಮ್ ಎ ಡಜನ್' ಅಂದರೆ ಯಾರಿಗೂ ನೋವಾಗುವುದಿಲ್ಲ. ಮನುಷ್ಯರ ಬಗ್ಗೆ ಹೇಳಿದರೆ ಚುಚ್ಚುತ್ತದೆ. ಇನ್ನು ಕೆಲಸ ಕೇಳುವ ಕಾಗದದಲ್ಲಿ ತನ್ನ ಬಗ್ಗೆಯೇ ಬರೆದುಕೊಂಡರೆ, ನನ್ನನ್ನು ಬಿಟ್ಟರೂ ನಷ್ಟವಿಲ್ಲ ಅಂತ ನೀನೇ ಹೇಳಿಕೊಟ್ಟ ಹಾಗೆ.

ವಿನಯದಿಂದಲೇ ಬರೆದಿದ್ದೀಯ, ಗೊತ್ತು. ನಾನೂ ಅದನ್ನೇ ಮಾಡಿದವಳು. ಟೀಚರ್ ಕೆಲಸಕ್ಕೆ ಮೊದಲ ಅರ್ಜಿ ಹಾಕುವಾಗ ಭಾಷೆಗಳ ಜಾಗದಲ್ಲಿ ತುಳು ಬರೆಯಲೇ ಇಲ್ಲ. ಮನೆಯಲ್ಲಿ ಆಡುವ ಮಾತು, ಅದೆಂಥ ಹೆಚ್ಚುಗಾರಿಕೆ ಅನ್ನಿಸಿತ್ತು. ಸೇರಿದ ವಾರವೇ ಒಂದನೇ ಕ್ಲಾಸಿನ ಹುಡುಗನೊಬ್ಬ 'ಬಂಜಿ ಬೇನೆ, ಬಂಜಿ ಬೇನೆ' ಅಂತ ಅಳುತ್ತಿದ್ದ. ಅವನ ಟೀಚರ್ ಕೇರಳದ ತೆಂಕಣ ಜಿಲ್ಲೆಯಿಂದ ಬಂದವರು, ತುಳು ಬಾರದು. ಪಾಪ, ಹಸಿವೆಯೇನೋ ಅಂದುಕೊಂಡು ಬಿಸ್ಕೆಟ್ ಕೊಡುತ್ತಿದ್ದರು. ನಾನು ಹೋಗಿ, ಹೊಟ್ಟೆಯಲ್ಲಿ ಎಲ್ಲಿ ನೋವು ಅಂತ ತುಳುವಿನಲ್ಲಿ ಕೇಳಿದೆ. ಅಳು ನಿಲ್ಲಿಸಿ, ಅಂಗಿ ಎತ್ತಿ, ಹೊಕ್ಕುಳ ಪಕ್ಕ ಬೆರಳಿಟ್ಟು ತೋರಿಸಿದ. ಆ ಬೆರಳು ಇವತ್ತಿಗೂ ಕಣ್ಣ ಮುಂದಿದೆ.

ಉಪ್ಪಳದಿಂದ, ಮಂಜೇಶ್ವರದಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಎಷ್ಟು ಜನ ಹೋಗುತ್ತಾರೆ, ನಿನಗೇ ಗೊತ್ತು. ಅವರಲ್ಲಿ ಎಷ್ಟೋ ಅಜ್ಜಿಯರಿಗೆ ನೋವು ಹೇಳಲು ಇರುವುದು ಒಂದೇ ಭಾಷೆ. ನಮ್ಮದು ಸಪ್ತಭಾಷೆಗಳ ನೆಲ. ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಕೂಡ ಇಲ್ಲಿ ಮನೆಮಾತು. ಬಸ್ಸಿನ ಕಂಡಕ್ಟರ್ ಮೂರು ಭಾಷೆಯಲ್ಲಿ ಚಿಲ್ಲರೆ ಕೇಳುತ್ತಾನೆ. ಹುಟ್ಟಿದಾಗಿನಿಂದ ಕೇಳಿದ್ದರಿಂದ ನಮಗೆ ಅದು ಕಾಣುವುದೇ ಇಲ್ಲ.

ಆ ಸಾಲು ತೆಗೆದುಬಿಡು. ಕಳೆದ ಮಳೆಗಾಲ ಅಜ್ಜ ಅಡ್ಮಿಟ್ ಆಗಿದ್ದಾಗ, ಪಕ್ಕದ ಬೆಡ್ಡಿನ ಮಲಯಾಳಿ ಅಮ್ಮನಿಗೆ ಡಾಕ್ಟರು ಹೇಳಿದ್ದನ್ನು ನೀನು ತಿಳಿಸಿ ಹೇಳುತ್ತಿದ್ದೆ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಲು ಅವರು ನಿನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದನ್ನು ಎರಡು ಸಾಲಿನಲ್ಲಿ ಬರಿ. ತುಳುವನ್ನು ಎಲ್ಲಕ್ಕಿಂತ ಮೇಲೆ ಹಾಕು. ರಾತ್ರಿ ಒಂಬತ್ತರೊಳಗೆ ಕಳಿಸಿದರೆ ಇವತ್ತೇ ನೋಡಿಕೊಡುತ್ತೇನೆ.

ನಿನ್ನ ಚಿಕ್ಕಮ್ಮ