ಹೊರೇಷಿಯೊ ಆಗಲಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಕಾಲೇಜಿನಲ್ಲಿ ಆಡುವ ಷೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದಲ್ಲಿ ನಿನಗೆ ರಾಜಕುಮಾರ ಹ್ಯಾಮ್ಲೆಟ್‌ನ ಪಾತ್ರ ಸಿಗಲಿಲ್ಲ, ಅವನ ಗೆಳೆಯ ಹೊರೇಷಿಯೊ ಸಿಕ್ಕಿತು ಅಂತ ಬೇಜಾರು ಮಾಡಿಕೊಂಡಿದ್ದೀಯ. "ಸುಮ್ನೆ ಪಕ್ಕದಲ್ಲಿ ನಿಂತು ಹೌದು ಪ್ರಭು, ಇಲ್ಲ ಪ್ರಭು ಅನ್ನೋ ಪಾತ್ರ ಅಮ್ಮಾ" ಅಂದೆ. ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ನಾಟಕದಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ಅವನೇ.

ಮೊದಲ ದೃಶ್ಯ ನೋಡು. ಡೆನ್ಮಾರ್ಕ್‌ನ ಎಲ್ಸಿನೋರ್ ಕೋಟೆ, ನಡುರಾತ್ರಿ, ಕೊರೆಯುವ ಚಳಿ. ಕಾವಲಿನವರಿಗೆ ಸತ್ತ ರಾಜನ, ಅಂದರೆ ಹ್ಯಾಮ್ಲೆಟ್‌ನ ಅಪ್ಪನ, ಭೂತ ಕಂಡಿದೆ. ಓದಿದವನು, ಇವನಾದರೂ ಅದನ್ನು ಮಾತಾಡಿಸಲಿ ಅಂತ ಹೊರೇಷಿಯೊನನ್ನು ಕರೆತಂದಿದ್ದಾರೆ. ಅವನೋ ನಂಬುವುದೇ ಇಲ್ಲ. ಕಣ್ಣಾರೆ ಕಂಡ ಮೇಲೆ ಬಿಳಿಚಿಕೊಂಡು ನಡುಗುತ್ತಾನೆ. ನೋಡುವವರು ಭೂತವನ್ನು ನಂಬುವುದೂ ಆಗಲೇ. ಅವನಿಲ್ಲದಿದ್ದರೆ ಇದೆಲ್ಲ ಹ್ಯಾಮ್ಲೆಟ್‌ನ ತಲೆಯಲ್ಲಿ ಹುಟ್ಟಿದ್ದು ಅಂದುಬಿಡಬಹುದಿತ್ತು, ಅಲ್ವಾ?

ಅವನ ಮನೆಮಂದಿ ಯಾರು, ನಾಟಕದಲ್ಲಿ ಎಲ್ಲೂ ಇಲ್ಲ. ವಿಟೆನ್‌ಬರ್ಗ್‌ನಲ್ಲಿ ಹ್ಯಾಮ್ಲೆಟ್ ಜೊತೆ ಓದಿದವನು, ಆಸ್ತಿ ಇಲ್ಲದವನು, ಅಷ್ಟೇ ಗೊತ್ತು. ಅದೇ ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡನ್‌ಸ್ಟರ್ನ್ ಚಿಕ್ಕಂದಿನ ಗೆಳೆಯರು. ಈಗಿನ ರಾಜ, ಹ್ಯಾಮ್ಲೆಟ್‌ನ ಚಿಕ್ಕಪ್ಪ ಕ್ಲಾಡಿಯಸ್, ಕರೆದ ಕೂಡಲೇ ಹ್ಯಾಮ್ಲೆಟ್‌ನ ಮೇಲೆ ಕಣ್ಣಿಡಲು ಒಪ್ಪಿಕೊಂಡವರು. ಹೊರೇಷಿಯೊಗೆ ಅರಮನೆಯಿಂದ ಏನೂ ಬೇಕಿಲ್ಲ. ಹ್ಯಾಮ್ಲೆಟ್ ಬಾಯಿಬಿಟ್ಟು ಹೊಗಳುವುದೂ ಅದನ್ನೇ: ನಿನ್ನನ್ನು ಹೊಗಳಿ ನನಗೇನು ಸಿಗಬೇಕು, ಒಳ್ಳೆಯ ಗುಣ ಬಿಟ್ಟರೆ ನಿನ್ನ ಹತ್ತಿರ ಬೇರೆ ವರಮಾನವಿಲ್ಲ, ಅಂತ.

ಮೂರನೇ ಅಂಕದಲ್ಲಿ ಈ ಮಾತು ಮುಗಿಯುತ್ತಿದ್ದಂತೆ ನಿನ್ನ ನಿಜವಾದ ಕೆಲಸ ಶುರು. ಅಪ್ಪನನ್ನು ಕೊಂದದ್ದು ಚಿಕ್ಕಪ್ಪನೇ ಅಂತ ಭೂತ ಹೇಳಿದ್ದು ನಿಜವೋ ಅಂತ ತಿಳಿಯಲು ಹ್ಯಾಮ್ಲೆಟ್ ಅರಮನೆಯಲ್ಲಿ ಅಂಥದೇ ಕೊಲೆಯ ನಾಟಕ ಆಡಿಸುತ್ತಾನೆ. ಆ ನಾಟಕದೊಳಗಿನ ನಾಟಕ ನಡೆಯುವಾಗ ಚಿಕ್ಕಪ್ಪನ ಮುಖ ನೋಡುತ್ತಿರು ಅಂತ ಅವನು ನಿನಗೆ ಒಪ್ಪಿಸುತ್ತಾನೆ. ಉಳಿದವರೆಲ್ಲ ನಟರನ್ನು ನೋಡುತ್ತಿರುತ್ತಾರೆ. ನೀನು ಕ್ಲಾಡಿಯಸ್‌ನ ಮೇಲೆ ಇಟ್ಟ ಕಣ್ಣನ್ನು ಅವನು ದೀಪಕ್ಕಾಗಿ ಕೂಗಿ ಎದ್ದು ಹೋಗುವ ತನಕ ತೆಗೆಯಬೇಡ. ತಲೆ ಆಡಿಸಬೇಡ, ಹುಬ್ಬು ಏರಿಸಬೇಡ. ನೀನು ಚೆನ್ನಾಗಿ ನೋಡಿದರೆ ಸಭೆಯೂ ಅವನ ಕಡೆ ತಿರುಗುತ್ತದೆ. ಆಮೇಲೆ ಹ್ಯಾಮ್ಲೆಟ್ ಖುಷಿಯಲ್ಲಿ ಕುಣಿಯುತ್ತಾನೆ, ನೋಡಿದೆಯಾ ಅಂತ ಕೇಳುತ್ತಾನೆ. ಚೆನ್ನಾಗಿ ನೋಡಿದೆ ಪ್ರಭು, ಅಷ್ಟೇ ನಿನ್ನ ಉತ್ತರ. ಅವನ ಉಬ್ಬರಕ್ಕೆ ನೀನು ಉಬ್ಬಬಾರದು.

ಹಾಗಂತ ಹೊರೇಷಿಯೊ ಎಲ್ಲದಕ್ಕೂ ಹೌದು ಅನ್ನುವವನಲ್ಲ. ಭೂತದ ಹಿಂದೆ ಹೋಗಬೇಡ ಅಂತ ತಡೆಯುತ್ತಾನೆ. ಕೊನೆಯ ಕತ್ತಿವರಸೆಗೆ ಮುಂಚೆ, ಮನಸ್ಸು ಒಪ್ಪದಿದ್ದರೆ ಬಿಡು, ನಿನಗೆ ಹುಷಾರಿಲ್ಲ ಅಂತ ನಾನೇ ಹೇಳಿಬರುತ್ತೇನೆ ಅನ್ನುತ್ತಾನೆ. ಎರಡು ಸಲವೂ ಅವನ ಮಾತು ನಡೆಯುವುದಿಲ್ಲ. ಮುನಿಸಿಕೊಂಡು ದೂರ ನಿಲ್ಲುವುದೂ ಇಲ್ಲ. ಆ ಇಬ್ಬರು ಚಿಕ್ಕಂದಿನ ಗೆಳೆಯರನ್ನು ಸಾವಿಗೆ ಕಳಿಸಿದ್ದನ್ನು ಹ್ಯಾಮ್ಲೆಟ್ ಹೇಳಿದಾಗ, ಹಾಗಾದರೆ ಅವರ ಕಥೆ ಮುಗಿಯಿತು ಅನ್ನುವ ಅರ್ಥದ ಒಂದೇ ಸಾಲು ಅವನಿಗಿದೆ. ನನಗೆ ಅದರಲ್ಲಿ ನೋವು ಕೇಳಿಸುತ್ತದೆ. ನಿನಗೆ ಬೇರೇನಾದರೂ ಕೇಳಿಸಿದರೆ ಹಾಗೇ ಹೇಳು.

ನಮ್ಮಲ್ಲಿ ಗೆಳೆತನ ಅಂದಕೂಡಲೇ ಕರ್ಣ ನೆನಪಾಗುತ್ತಾನೆ, ಗೆಳೆಯನಿಗಾಗಿ ಜೀವ ಕೊಟ್ಟವನು. ಹೊರೇಷಿಯೊ ಕೂಡ ಕೊಡಲು ತಯಾರಿದ್ದ. ಕತ್ತಿವರಸೆಯ ಕೊನೆಗೆ, ರಾಜ ಹ್ಯಾಮ್ಲೆಟ್‌ಗಾಗಿ ಇಟ್ಟಿದ್ದ ಬಟ್ಟಲಲ್ಲಿ ವಿಷ ಇನ್ನೂ ಸ್ವಲ್ಪ ಉಳಿದಿದೆ, ಅವನು ಎತ್ತಿಕೊಳ್ಳುತ್ತಾನೆ. ಸಾಯುತ್ತಿರುವ ಹ್ಯಾಮ್ಲೆಟ್ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ಕಿತ್ತುಕೊಳ್ಳುತ್ತಾನೆ. ಈ ಕೆಟ್ಟ ಲೋಕದಲ್ಲಿ ಇನ್ನಷ್ಟು ದಿನ ನೋವು ತಿಂದುಕೊಂಡೇ ಬದುಕಿರು, ನನ್ನ ಕಥೆ ಹೇಳು ಅಂತ ಬೇಡುತ್ತಾನೆ. ಬಟ್ಟಲನ್ನು ಸುಲಭವಾಗಿ ಬಿಡಬೇಡ ಪುಟ್ಟಿ. ಬೆರಳು ಒಂದೊಂದಾಗಿ ಬಿಡಿಸಿಕೊಳ್ಳಬೇಕು ಅವನು. ಸಾಯುವುದಕ್ಕಿಂತ ಉಳಿಯುವುದು ಅಲ್ಲಿ ಜಾಸ್ತಿ ಕಷ್ಟ.

ಒಂದು ವಿಷಯ ಮಾತ್ರ ನಿಮ್ಮ ನಿರ್ದೇಶಕರನ್ನು ಈಗಲೇ ಕೇಳು. ಹೊತ್ತು ಉಳಿಸಲು ಕೊನೆಯಲ್ಲಿ ಬರುವ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನ ಭಾಗವನ್ನು ಎಷ್ಟೋ ಪ್ರದರ್ಶನಗಳಲ್ಲಿ ಕತ್ತರಿಸುತ್ತಾರೆ. ಹೆಣಗಳನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಇಡಿ, ನಡೆದದ್ದನ್ನು ನಾನು ಹೇಳುತ್ತೇನೆ ಅಂತ ಹೊರೇಷಿಯೊ ಕೇಳುವುದು ಅಲ್ಲೇ. ಗೆಳೆಯ ಕೊಟ್ಟ ಕೆಲಸವನ್ನು ಅವನು ಶುರುಮಾಡುವ ಜಾಗ ಅದು. ಬೇಕಾದರೆ ಬೇರೆ ಕಡೆ ಕತ್ತರಿ ಹಾಕಲಿ, ಇದನ್ನು ಉಳಿಸಿ ಅಂತ ಹೇಳು. ಏನಂದರು ಅಂತ ನನಗೆ ತಿಳಿಸು.

ನಿನ್ನ ಅಮ್ಮ