62 ಪುಟದಲ್ಲಿ ಒಂದೂ 'ಅಂತೆ' ಇಲ್ಲ

ಪ್ರೀತಿಯ ತಮ್ಮಾ,

ನಿನ್ನ ಕಟ್ಟು ಬಂದು ಹತ್ತು ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಎಲ್ಡರ್ ಸ್ಕ್ರೋಲ್ಸ್ ಅನ್ನುವ ಕಂಪ್ಯೂಟರ್ ಗೇಮ್ ಸರಣಿಯ ಕಥಾಲೋಕದ ಬಗ್ಗೆ ನೀನು ಬರೆದ 62 ಪುಟವನ್ನೂ ಓದಿದೆ. ಮೇಲೆ ಪಿನ್ ಹಾಕಿದ್ದ ಚೀಟಿಯನ್ನು ಮಾತ್ರ ಮೂರು ಸಲ ಓದಿದೆ. 'ಒಂದೂವರೆ ವರ್ಷದ ಕೆಲಸ ಸರ್. ಒಬ್ಬ ಬಂದು ಒಂದೇ ಮಾತಲ್ಲಿ ಉರುಳಿಸಿಬಿಟ್ಟ. ಹರಿದುಹಾಕಲಾ?' ಅಂತ ಕೇಳಿದ್ದೀಯ.

ಹರಿಯಬೇಡ. ಹಾಗಂತ ಚೆನ್ನಾಗಿದೆ ಅಂತಲೂ ಹೇಳುತ್ತಿಲ್ಲ.

ಈ ಮುದುಕನಿಗೆ ಗೇಮ್ ಎಲ್ಲಿ ಗೊತ್ತಿರುತ್ತೆ ಅಂದುಕೊಂಡು ಮೊದಲ ಒಂಬತ್ತು ಪುಟವನ್ನು ಬರೀ ಪರಿಚಯಕ್ಕೆ ಖರ್ಚು ಮಾಡಿದ್ದೀಯ. ಆ ಸರಣಿಯ ಮಾರೋವಿಂಡ್ ಬಂದಿದ್ದು 2002ರಲ್ಲಿ. ಅದರ ಮರುವರ್ಷ ನನ್ನ ಮಗಳು ಪಿಯುಸಿ. ಕಂಪ್ಯೂಟರ್ ಹಾಲಿನಲ್ಲಿತ್ತು, ದೇವರ ಮನೆ ಬಾಗಿಲ ಪಕ್ಕದಲ್ಲೇ. ಅವಳು ಆಡುವುದು, ನಾನು ಹಿಂದೆ ಕುರ್ಚಿ ಹಾಕಿಕೊಂಡು ನೋಡುವುದು. ಅವಳು ಮಲಗಿದ ಮೇಲೆ ನಾನು ಕೂರುತ್ತಿದ್ದೆ. ಕತ್ತಿ ಬೀಸುವುದು ನನಗೆ ಕೊನೆಗೂ ಬರಲಿಲ್ಲ. ಆಕಾಶದಿಂದ ಎರಗುವ ಆ ಹಾಳು ಕ್ಲಿಫ್ ರೇಸರ್‌ಗಳು ಎಷ್ಟು ಸಲ ಕೊಂದವೋ ಲೆಕ್ಕ ಇಲ್ಲ. ನನಗೆ ಬರುತ್ತಿದ್ದದ್ದು ಒಂದೇ ಕೆಲಸ. ಯಾರದೋ ಮನೆಗೆ ನುಗ್ಗುವುದು, ಕಪಾಟಿನಲ್ಲಿರೋ ಪುಸ್ತಕ ತೆಗೆದು ಓದುವುದು. ಹಾಗಾಗಿ ಆ ಒಂಬತ್ತು ಪುಟ ನನಗೆ ಬೇಕಾಗಿರಲಿಲ್ಲ. ನಿನ್ನ ಓದುಗರಿಗೂ ಬೇಡ.

ಕಾಗುಣಿತ, ಅಧ್ಯಾಯ ಎಲ್ಲಿ ಮುರಿಯಬೇಕು, ಎಷ್ಟು ಉದ್ದ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಊರು ತುಂಬ ಇದ್ದಾರೆ, ನನ್ನ ತಲೆ ತಿನ್ನಬೇಡ. ಇನ್ನೊಂದು, 31ನೇ ಪುಟದಲ್ಲಿ 'ನಮ್ಮ ಮಹಾಭಾರತದಲ್ಲೂ ಹೀಗೇ' ಅಂತ ಒಂದು ಪ್ಯಾರಾ ಇದೆಯಲ್ಲ, ತೆಗೆ. ಅದು ನಿನಗೆ ಅನ್ನಿಸಿ ಬರೆದದ್ದಲ್ಲ. ಹಳೇಕಾಲದ ಮನುಷ್ಯ, ಖುಷಿಯಾಗಲಿ ಅಂತ ನನಗೋಸ್ಕರ ಹಾಕಿದ್ದೀಯ.

ಈಗ ನಿನ್ನ ವಾದಕ್ಕೆ ಬರೋಣ.

ಅದೇ ಸರಣಿಯ ಹಳೇ ಗೇಮ್ ಡ್ಯಾಗರ್‌ಫಾಲ್ 1996ರದು. ನ್ಯೂಮಿಡಿಯಂ ಅನ್ನುವ ಬೆಟ್ಟದಂಥ ಯಂತ್ರಪುರುಷನ ಹಿಡಿತ ಯಾರ ಕೈಗೆ ಕೊಡುತ್ತೀಯ ಅನ್ನುವುದರ ಮೇಲೆ ಅದರ ಕೊನೆ ಬೇರೆಬೇರೆ. ಚಕ್ರವರ್ತಿ ಕಡೆಯವರಿಗೆ ಕೊಟ್ಟರೆ ಒಂದು, ಓರ್ಕ್‌ಗಳ ನಾಯಕನಿಗೆ ಕೊಟ್ಟರೆ ಇನ್ನೊಂದು, ಹೆಣ ಎಬ್ಬಿಸುವ ಮ್ಯಾನಿಮಾರ್ಕೋಗೆ ಕೊಟ್ಟರೆ ಮತ್ತೊಂದು. ಮುಂದಿನ ಗೇಮ್ ಬರೆಯುವವರಿಗೆ ಪೇಚಾಟ. ಯಾವುದೋ ಒಂದನ್ನು ನಿಜ ಅಂದರೆ ಉಳಿದವರು ಕೂತು ಆಡಿದ್ದೆಲ್ಲ ನೀರಲ್ಲಿ ಹೋಮ. ಅವರು ಏನು ಮಾಡಿದರು? ಎಲ್ಲವೂ ನಡೆಯಿತು ಅಂದುಬಿಟ್ಟರು, ಒಂದೇ ಹೊತ್ತಿಗೆ. ಆ ಲೋಕದಲ್ಲಿ ಕಾಲದ ದೇವರು ಅಕಾಟೋಷ್, ಡ್ರ್ಯಾಗನ್ ರೂಪದವನು. ಕಾಲ ಮುರಿದರೆ ಡ್ರ್ಯಾಗನ್ ಮುರಿದ ಹಾಗೆ. ಅದಕ್ಕೇ ಡ್ರ್ಯಾಗನ್ ಬ್ರೇಕ್. ಓರ್ಕ್‌ಗಳಿಗೆ ರಾಜ್ಯವೂ ಸಿಕ್ಕಿತು, ಮ್ಯಾನಿಮಾರ್ಕೋ ದೇವರೂ ಆದ, ಲೆಕ್ಕ ಚುಕ್ತಾ. ಶಾನುಭೋಗರ ಬುದ್ಧಿ. ಆದರೆ ಎಂಥ ಸೊಗಸಾದ ಉಪಾಯ ಅಲ್ವಾ!

ನೀನು ಅದನ್ನೇ ಹಿಡಿದು ಕೂತೆ. 1998ರ ರೆಡ್‌ಗಾರ್ಡ್ ಗೇಮ್ ಜೊತೆ ಬಂದ ಕೈಪಿಡಿಯಲ್ಲಿ, ಆ ಲೋಕದ ನಡುವಿನ ಪ್ರಾಂತ್ಯ ಸಿರೋಡಿಲ್ ಅಂದರೆ ದಟ್ಟ ಮಳೆಕಾಡು. 2006ರಲ್ಲಿ ಆಬ್ಲಿವಿಯನ್ ಬಂದಾಗ ನೋಡಿದರೆ ಯುರೋಪಿನ ಹಾಗೆ ತಣ್ಣನೆ ಹುಲ್ಲುಗಾವಲು. ಡ್ರ್ಯಾಗನ್ ಬ್ರೇಕ್ ಅಂತೀಯ. ಸಾಮ್ರಾಜ್ಯ ಕಟ್ಟಿದ ಚಕ್ರವರ್ತಿ ಟೈಬರ್ ಸೆಪ್ಟಿಮ್ ಹುಟ್ಟಿದ್ದು ಎಲ್ಲಿ ಅನ್ನುವುದಕ್ಕೆ ಎರಡು ಪುಸ್ತಕ ಎರಡು ಊರು ಹೇಳುತ್ತವೆ. ಡ್ರ್ಯಾಗನ್ ಬ್ರೇಕ್. ಯಂತ್ರ ಕಟ್ಟುವುದರಲ್ಲಿ ನಿಪುಣರಾದ ಡ್ವೆಮರ್ ಜನರೆಲ್ಲ ಒಂದೇ ಗಳಿಗೆಯಲ್ಲಿ ಮಾಯ. ಅದಕ್ಕೂ ಅದೇ. ಮೈಕೈ ನೋವಿಗೂ ಅದೇ ಕಷಾಯ, ಜ್ವರಕ್ಕೂ ಅದೇ ಕಷಾಯ.

ಅಷ್ಟರಲ್ಲಿ ಆ ಪುಣ್ಯಾತ್ಮ ನಿನಗೆ ಒಂದು ಪುಸ್ತಕ ತೋರಿಸಿದ. ಫಾಲ್ ಡ್ರೂನ್ ಬರೆದದ್ದು, ಮಾರೋವಿಂಡ್ ಒಳಗೇ ಇದೆ. ಹಿಂದೊಮ್ಮೆ 1008 ವರ್ಷ ಕಾಲ ಮುರಿದುಕೊಂಡಿತ್ತು ಅನ್ನುವುದೆಲ್ಲ ಬುರುಡೆ, ಪಂಡಿತರು ಇಸವಿ ಲೆಕ್ಕ ತಪ್ಪಿದ್ದರಿಂದ ಹುಟ್ಟಿಕೊಂಡ ಕಥೆ ಅಂತ ಅವನ ವಾದ. ನಿನ್ನ ಕೈಕಾಲು ತಣ್ಣಗಾಯಿತು. 'ಗೇಮೇ ಇಲ್ಲ ಅಂತ ಹೇಳಿಬಿಟ್ಟಿದೆ ಸರ್.'

ಗೇಮ್ ಎಲ್ಲಿ ಹೇಳಿದೆಯೋ ಮಾರಾಯ? ಫಾಲ್ ಡ್ರೂನ್ ಹೇಳಿದ್ದಾನೆ.

ನಿನ್ನ ಜೊತೆ ನನ್ನ ಜಗಳ ಇರೋದೇ ಇಲ್ಲಿ. ಪೆನ್ಸಿಲ್ ಹಿಡಿದು ಎಣಿಸಿದೆ. 'ಗೇಮ್ ಪ್ರಕಾರ' ಅಂತ 41 ಸಲ ಬರೆದಿದ್ದೀಯ. 'ಅಂತೆ' ಒಂದು ಸಲವೂ ಇಲ್ಲ. ಅಜ್ಜಿ ಕೈಯಲ್ಲಿ ಬೆಳೆದವನು ಅಂತೀಯ, ಅವರು ಮಾತಾಡುವುದನ್ನು ಕೇಳೇ ಇಲ್ವಾ? 'ಹೊಲ ಮಾರಿದ' ಅಂದರೆ ಅಜ್ಜಿಗೆ ಖಾತ್ರಿ ಇದೆ. 'ಮಾರಿದನಂತೆ' ಅಂದರೆ ಯಾರೋ ಹೇಳಿದ್ದು, ನಾಳೆ ಸುಳ್ಳಾದರೆ ನನ್ನನ್ನು ಕೇಳಬೇಡಿ ಅಂತ. ಎರಡೇ ಅಕ್ಷರ. ಅಂತೆಕಂತೆ ಅಂತ ನಾವು ಅದನ್ನು ಹಗುರ ಮಾಡುತ್ತೇವೆ, ಆದರೆ ಅಜ್ಜಿ ಅದನ್ನು ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಅಳೆದು ಬಳಸುತ್ತಾರೆ. ಆ ಗೇಮ್ ಬರೆದವರು ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡಬೇಕಾದರೆ ರಾಶಿ ಪುಸ್ತಕ ಬರೆಯಬೇಕಾಯಿತು. ಪುಸ್ತಕಕ್ಕೊಬ್ಬ ಲೇಖಕ, ಅವನಿಗೊಂದು ಕುಲ, ಒಂದು ಸ್ವಾರ್ಥ. ನಿನಗೆ ಅದು ಅಜ್ಜಿ ಮನೆಯಲ್ಲಿ ಪುಕ್ಕಟೆ ಸಿಕ್ಕಿತ್ತು.

ಮಾರೋವಿಂಡ್ ನಾಡಿನ ಹಳೇ ವೀರ ನೆರೆವಾರ್‌ನ ಸಾವನ್ನೇ ತಗೋ. ರೆಡ್ ಮೌಂಟನ್ ಯುದ್ಧದಲ್ಲಾದ ಗಾಯದಿಂದ ಸತ್ತ ಅನ್ನುತ್ತಾರೆ ಗುಡಿಯವರು. ಬೂದಿ ಬಯಲಲ್ಲಿ ಡೇರೆ ಹಾಕಿಕೊಂಡು ಅಲೆಯುವ ಆಶ್‌ಲ್ಯಾಂಡರ್‌ಗಳು ಒಪ್ಪುವುದಿಲ್ಲ. ಜೊತೆಯಲ್ಲಿದ್ದ ಮೂವರೇ, ಈಗ ಆ ಗುಡಿಯಲ್ಲಿ ದೇವರಾಗಿ ಕೂತವರೇ, ಕೊಂದರು ಅನ್ನುತ್ತಾರೆ. ಅವರ ಕಥೆಯಲ್ಲಿ ಒಬ್ಬೊಬ್ಬರು ಏನು ಮಾಡಿದರು ಅನ್ನುವುದೂ ಇದೆ. ಅಲ್ಮಲೆಕ್ಸಿಯಾದು ವಿಷದ ಮೇಣದಬತ್ತಿ, ಸೋಥಾ ಸಿಲ್‌ನದು ವಿಷದ ನಿಲುವಂಗಿ, ವಿವೆಕ್‌ನದು ವಿಷದ ಮಂತ್ರ. ಈ ಕಥೆ ಬರೆದಿಟ್ಟ ಪುಸ್ತಕ ಎಲ್ಲಿದೆ? ಗುಡಿಯವರು ಯಾರಿಗೂ ತೋರಿಸದೆ ಬಚ್ಚಿಟ್ಟ ಕಡತಗಳಲ್ಲಿ. ಸುಳ್ಳು ಅಂದಮೇಲೆ ಬಚ್ಚಿಡೋದು ಯಾಕಪ್ಪಾ?

ಇನ್ನು ವಿವೆಕ್. ಅವನೀಗ ದೇವರು, ಅವನ ಹೆಸರಲ್ಲಿ ಊರೇ ಇದೆ. ತನ್ನ ಮಹಿಮೆ ಕೊಂಡಾಡಿಕೊಂಡು 36 ಪಾಠ ಬರೆದಿದ್ದಾನೆ. (ನಿಜಕ್ಕೂ ಬರೆದದ್ದು ಮೈಕಲ್ ಕರ್ಕ್‌ಬ್ರೈಡ್. ಅಷ್ಟು ಧೈರ್ಯ ನನಗೆ ಯಾವತ್ತೂ ಬರಲಿಲ್ಲ.) ಕೊನೇ ಪಾಠದ ಪ್ಯಾರಾಗಳ ಮೊದಲಕ್ಷರಗಳನ್ನು ಸಾಲಾಗಿ ಇಟ್ಟರೆ ಇಂಗ್ಲಿಷಿನಲ್ಲಿ 'ಫೌಲ್ ಮರ್ಡರ್' ಅಂತ ಬರುತ್ತದೆ. 29ನೇ ಪಾಠದಲ್ಲಿ ಒಂದಷ್ಟು ಅಂಕಿಗಳಿವೆ. ಆ ಅಂಕಿ ಹಿಡಿದು ಪಾಠಗಳಿಂದ ಒಂದೊಂದೇ ಪದ ಎತ್ತಬೇಕು. ನನ್ನ ಮಗಳು ಒಂದು ರಾತ್ರಿ ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ಹಾಗೆ ಎತ್ತಿ ಬರೆದಳು. ಕೊಟ್ಟಕೊನೆಗೆ ವಾಕ್ಯ ಆಯಿತು. ಅವನು ಹುಟ್ಟಾ ದೇವರಲ್ಲ, ದೈವತ್ವ ಕದ್ದ, ನೆರೆವಾರ್‌ನನ್ನು ಕೊಂದ, ಇದನ್ನು ಬರೆದವನು ವಿವೆಕ್. ಆ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಕಟ್ಟುವುದು ಮರೆತು ಫ್ಯೂಸ್ ಕಿತ್ತುಕೊಂಡು ಹೋದರು, ಅದು ಬೇರೆ ಕಥೆ.

ಇಂಥದ್ದನ್ನು ಎದುರಿಗಿಟ್ಟುಕೊಂಡು ನೀನು ಬರೆದದ್ದೇನು? 'ಗೇಮ್ ಪ್ರಕಾರ ನೆರೆವಾರ್ ಎರಡು ರೀತಿ ಸತ್ತ. ಕಾಲ ಮುರಿದದ್ದೇ ಇದಕ್ಕೆ ಕಾರಣ.' ಅಯ್ಯೋ ತಮ್ಮಾ, ಕೊಲೆಗಾರನಿಗೆ ಬೇಲ್ ಕೊಡಿಸಿಬಿಟ್ಟೆಯಲ್ಲ!

ಸಿರೋಡಿಲ್ ಕಾಡಿನ ಕಥೆಯೂ ಅಷ್ಟೇ. ನಿಜವಾಗಿ ಆದದ್ದು ಇಷ್ಟು, ಗೇಮ್ ಮಾಡುವವರು ಮನಸ್ಸು ಬದಲಿಸಿದರು. ಆದರೆ ಒಳಗಿನವರು ಸುಮ್ಮನಿರಬೇಕಲ್ಲ. 2011ರ ಸ್ಕೈರಿಮ್‌ನಲ್ಲಿ ಹೈಮ್‌ಸ್ಕರ್ ಅನ್ನುವ ಪೂಜಾರಿ ಬೀದಿಯಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗುತ್ತಾನೆ, ಟಾಲೋಸ್, ಅಂದರೆ ದೇವರಾದ ಟೈಬರ್ ಸೆಪ್ಟಿಮ್, ಬರೀ ಉಸಿರಿನಿಂದ ನೆಲವನ್ನು ತಿದ್ದಿ ಕಟ್ಟಿದ ಅಂತ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಒಬ್ಬಳು ಪಂಡಿತೆ, ಕಾಡು ಇರಲೇ ಇಲ್ಲ, ನಕಲು ಮಾಡಿದವನ ಕೈತಪ್ಪಿರಬೇಕು ಅನ್ನುತ್ತಾಳೆ. ಭಕ್ತ ಭಕ್ತನ ಹಾಗೆ ಮಾತಾಡಿದ, ಪಂಡಿತೆ ಪಂಡಿತೆಯ ಹಾಗೆ. ನೀನು ಇಬ್ಬರ ಬಾಯನ್ನೂ ಮುಚ್ಚಿಸಿ ಒಂದು ಸೂತ್ರ ಬರೆದೆ.

ಯಾಕಿಷ್ಟು ಕೂಗಾಡುತ್ತಿದ್ದೇನೆ ಅಂತ ಹೇಳುತ್ತೇನೆ, ಕೇಳು.

1987ರಲ್ಲಿ ನಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲಿನ ಬಗ್ಗೆ ಒಂದು ವಾರಪತ್ರಿಕೆಗೆ ಬರೆದೆ. ಕಲ್ಲಿನ ಅಕ್ಷರ ಸವೆದುಹೋಗಿದೆ, ಓದಲಾಗುವುದಿಲ್ಲ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು ಅಂತ ಪಟೇಲರ ಮನೆಯವರು ಹೇಳಿದರು. ತೂಬಿನ ಹತ್ತಿರದ ಕೇರಿಯಲ್ಲಿ ನೀರುಗಂಟಿ ಮನೆಯ ಅಜ್ಜಿ ಒಬ್ಬರಿದ್ದರು. ಅವರನ್ನೂ ಕೇಳಿದೆ. 'ಏರಿ ನಿಲ್ಲಲಿ ಅಂತ ನಮ್ಮೋನೊಬ್ಬನ್ನ ಅಲ್ಲಿ ಬಲಿ ಕೊಟ್ರಂತೆ ಕಣಪ್ಪಾ' ಅಂದರು. ಅಡಿಕೆ ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ.

ನಾನು ಬುದ್ಧಿವಂತ ನೋಡು, ಎರಡನ್ನೂ ಸೇರಿಸಿ ಹೊಲಿದೆ. ದನಗಳ್ಳರು ಏರಿ ಒಡೆಯಲು ಬಂದರು, ನೀರುಗಂಟಿ ಒಬ್ಬನೇ ಅಡ್ಡ ನಿಂತ, ಊರಿಗಾಗಿ ಪ್ರಾಣ ಕೊಟ್ಟ. ಎಲ್ಲೂ ಬಿರುಕಿಲ್ಲ. ಪತ್ರಿಕೆಗೆ ಮೆಚ್ಚುಗೆಯ ಕಾಗದ ಬಂದವು. ಪಟೇಲರ ಮನೆಗೆ ಕರೆದು ಶಾಲು ಹೊದಿಸಿದರು. ಹೊದ್ದುಕೊಂಡೆ. ಹನ್ನೆರಡು ವರ್ಷವಾದ ಮೇಲೆ ಜಾತ್ರೆಯ ಕರಪತ್ರದಲ್ಲಿ ನೋಡುತ್ತೇನೆ, ನನ್ನದೇ ವಾಕ್ಯಗಳು, ಸ್ಥಳಪುರಾಣ ಅಂತ. ಅಜ್ಜಿ ತೀರಿಕೊಂಡಿದ್ದರು. ಅವರ ಮೊಮ್ಮಗನನ್ನು ಹುಡುಕಿಕೊಂಡು ಹೋಗಿ ಕಲ್ಲಿನ ವಿಷಯ ಕೇಳಿದೆ. ಹುಡುಗ ಎದೆಯುಬ್ಬಿಸಿ ನನ್ನ ಕಥೆಯನ್ನೇ ನನಗೆ ಹೇಳಿದ. ಬಲಿ ಹೋಗಿತ್ತು, ಅಂತೆಯೂ ಹೋಗಿತ್ತು.

ಅವತ್ತಿನಿಂದ ನಾನು ಆ ಪತ್ರಿಕೆಯ ಉಪಸಂಪಾದಕನನ್ನು ಬೈಯುತ್ತಾ ಬಂದೆ. ನನ್ನ ಅಂತೆಗಳನ್ನೆಲ್ಲ ಹೊಡೆದುಹಾಕಿ ಲೇಖನ ಕೆಡಿಸಿದವನು ಅವನೇ ಅಂತ. ಮದುವೆ ಮನೆಯಲ್ಲಿ ಎದುರಾದರೂ ಮಾತಾಡಿಸಲಿಲ್ಲ. ನಿನ್ನ ಕಟ್ಟು ಓದಿದ ಮೇಲೆ ಹೋದ ಭಾನುವಾರ ಅಟ್ಟದ ಟ್ರಂಕು ಇಳಿಸಿ ಹಳೇ ಕರಡು ಹುಡುಕಿದೆ. ಸಿಕ್ಕಿತು. ಅಂತೆ ಮೂರು ಕಡೆ ಇತ್ತು. ಮೂರನ್ನೂ ನೀಲಿ ಶಾಯಿಯಲ್ಲಿ ಹೊಡೆದುಹಾಕಿತ್ತು. ಶಾಯಿ ನನ್ನದು. ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ 'ಬಿಗಿ ಮಾಡು' ಅಂತ ಬೇರೆ ಇದೆ.

ಆ ಉಪಸಂಪಾದಕನ ವಿಳಾಸ ಯಾರನ್ನು ಕೇಳುವುದೋ ಗೊತ್ತಿಲ್ಲ.

ಇರಲಿ. ನಿನ್ನ 48ನೇ ಪುಟ ಮುಟ್ಟಬೇಡ. ಯಾಗ್ರಂ ಬಗಾರ್ನ್ ಇರುವ ಪುಟ. ಡ್ವೆಮರ್‌ಗಳಲ್ಲಿ ಉಳಿದ ಒಬ್ಬನೇ ಒಬ್ಬ. ಕಾರ್ಪ್ರಸ್ ರೋಗದಿಂದ ಊದಿದ ಮೈ, ನಡೆಯಲಾಗದೆ ಜೇಡದ ಕಾಲಿನ ಯಂತ್ರದ ಮೇಲೆ ಕೂತಿದ್ದಾನೆ. ನಿನ್ನವರೆಲ್ಲ ಎಲ್ಲಿ ಹೋದರು ಅಂತ ಕೇಳಿದರೆ ನಾನು ಆಗ ಇಲ್ಲಿರಲಿಲ್ಲ, ಬೇರೆ ಲೋಕಕ್ಕೆ ಹೋಗಿದ್ದೆ, ವಾಪಸ್ ಬಂದಾಗ ಯಾರೂ ಇರಲಿಲ್ಲ ಅನ್ನುತ್ತಾನೆ. ಅಷ್ಟನ್ನೇ ಬರೆದು ನೀನು ಆ ಪುಟದಲ್ಲಿ ಸುಮ್ಮನಾಗಿದ್ದೀಯ. ಓದಿ ನನಗೆ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ. ಆಮೇಲೆ 49ನೇ ಪುಟ ತಿರುಗಿಸಿದರೆ ಡ್ರ್ಯಾಗನ್ ಬ್ರೇಕ್! ತಲೆ ಮೇಲೆ ಮೊಟಕಬೇಕು ಅನ್ನಿಸಿತು.

ನಿನ್ನನ್ನು ಉರುಳಿಸಿದ ಆ ಹುಡುಗನ ಮೇಲೆ ಸಿಟ್ಟು ಬೇಡ. ನೀನು ಮಾಡಿದ್ದನ್ನೇ ಅವನೂ ಮಾಡಿದ. ಫಾಲ್ ಡ್ರೂನ್ ಹೇಳಿದ್ದನ್ನು ಗೇಮಿನ ತಲೆಗೆ ಕಟ್ಟಿದ. ಫಾಲ್ ಡ್ರೂನ್ ಯಾರು, ಯಾರ ಜೊತೆ ವಾದಕ್ಕಿಳಿದಿದ್ದಾನೆ, ಯಾಕಷ್ಟು ಆತುರ ಅವನಿಗೆ ಅಂತ ನೀನು ಕೂತು ಹತ್ತು ಪುಟ ಬರೆ, ನನಗೆ ಅದು ಬೇಕು. 41 'ಗೇಮ್ ಪ್ರಕಾರ'ಗಳನ್ನೂ ಹೊಡೆದು ಅಲ್ಲಲ್ಲಿ ಹೇಳಿದವರ ಹೆಸರು ಬರೆ. ಅರ್ಧ ಪುಸ್ತಕ ತಾನಾಗಿ ಉದುರುತ್ತದೆ. ಉದುರಲಿ ಬಿಡು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬಾ. ಆ ಕರೆಂಟ್ ಬಿಲ್ಲು ತೋರಿಸುತ್ತೇನೆ. ಮಗಳು ಈಗ ಹೊರದೇಶದಲ್ಲಿದ್ದಾಳೆ, ಎರಡು ಮಕ್ಕಳ ತಾಯಿ. ನಿನ್ನೆ ಫೋನಿನಲ್ಲಿ ನಿನ್ನ ವಿಷಯ ಹೇಳಿದೆ. 'ಅಪ್ಪಾ, ಕೊಂದಿದ್ದು ವಿವೆಕ್ಕೇ, ಅದರಲ್ಲಿ ಅಂತೆ ಪಂತೆ ಏನೂ ಇಲ್ಲ' ಅಂದಳು. ನಾನು ಒಪ್ಪಲಿಲ್ಲ. ಮಕ್ಕಳು ಮಲಗಿದ ಮೇಲೆ ಈಗಲೂ ಆಡುತ್ತಾಳಂತೆ.

ನಿನ್ನ ಮೇಷ್ಟ್ರು