ಯೋಬನ ಮೊದಲಿನ ಹತ್ತು ಮಕ್ಕಳು

ಲೋ ಮಾರಾಯ,

ಮೊನ್ನೆ ನೀನು ವಾಟ್ಸಾಪಲ್ಲಿ ಒಂದೇ ಸಾಲು ಕಳಿಸಿದ್ದೆ, "ನಂಬಿಕೆ ಹೇಗಿದೆಯೋ ನಿಂದು?" ಅಂತ. ಅದಕ್ಕೊಂದು ಥಂಬ್ಸ್ ಅಪ್ ಹಾಕಿ ಸುಮ್ನಾಗೋಕೆ ಮನಸ್ಸು ಬರ್ಲಿಲ್ಲ, ಇಲ್ಲೇ ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ, ನಮ್ಮ ಥರ ಇರೋರು ಇನ್ನೂ ನಾಲ್ಕು ಜನ ಇದ್ದೇ ಇರ್ತಾರೆ.

ಸಂಡೇ ಸ್ಕೂಲಲ್ಲಿ ಈಗ ದೊಡ್ಡ ಮಕ್ಕಳ ಕ್ಲಾಸ್ ನಂದೇ. ಬೈಬಲಲ್ಲಿ ಬರೋ ಯೋಬನ ಕಥೆ ನಡೀತಿತ್ತು, ಅದೇ, ಒಳ್ಳೆಯವನಾಗಿದ್ದೂ ಇದ್ದಿದ್ದೆಲ್ಲಾ ಕಳ್ಕೊಂಡು ಕೊನೆಗೆ ಎರಡರಷ್ಟು ಪಡೆದವನು. ನೋಡಿ ಮಕ್ಕಳೇ, 7,000 ಕುರಿ ಹೋಗಿ 14,000 ಬಂತು, 3,000 ಒಂಟೆ ಹೋಗಿ 6,000 ಬಂತು, ಮತ್ತೆ ಏಳು ಗಂಡು ಮೂರು ಹೆಣ್ಣು ಮಕ್ಕಳೂ ಹುಟ್ಟಿದ್ರು ಅಂತ ಹೇಳ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೊನೇ ಅಧ್ಯಾಯದಲ್ಲಿ ಬೆರಳಿಟ್ಕೊಂಡೇ ಮೊದಲನೇ ಅಧ್ಯಾಯ ತಿರುವಿ ನೋಡಿದ್ಲು. ಆಮೇಲೆ ಕೇಳಿದ್ಲು, "ಅಂಕಲ್, ಮನೆ ಕುಸಿದು ಹತ್ತು ಮಕ್ಕಳು ಸತ್ರಲ್ಲ, ಅವರು ವಾಪಸ್ ಬರ್ಲೇ ಇಲ್ವಾ?"

ಇಲ್ಲ ಮರಿ, ಬರ್ಲಿಲ್ಲ ಅಂದೆ. ಅದಕ್ಕಿಂತ ಮುಂದೆ ಮಾತು ಹೊರಡಲಿಲ್ಲ.

ಅವತ್ತು ರಾತ್ರಿಯಿಂದ ಮಧ್ಯದ ಅಧ್ಯಾಯಗಳನ್ನ ಓದ್ತಿದ್ದೀನಿ. 42 ಅಧ್ಯಾಯದ ಪುಸ್ತಕ ಕಣೋ, ನಾವು ಚಿಕ್ಕಂದಿನಿಂದ ಕೇಳಿರೋದು ಮೊದಲೆರಡು ಮತ್ತೆ ಕೊನೇದು ಅಷ್ಟೇ. ನಡುವೆ ಆ ಮನುಷ್ಯ ತಾನು ಹುಟ್ಟಿದ ದಿನವನ್ನೇ ಶಪಿಸ್ತಾನೆ, ದೇವರನ್ನೇ ನ್ಯಾಯಕ್ಕೆ ಕರೀತಾನೆ. ಮೂರು ಜನ ಗೆಳೆಯರು ಬಂದು ಏಳು ದಿನ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತ್ಕೋತಾರೆ, ಅಲ್ಲೀವರೆಗೂ ಚೆನ್ನಾಗೇ ಇತ್ತು, ಆಮೇಲೆ ಬಾಯಿ ಬಿಟ್ರು ನೋಡು, ನೀನೇನೋ ಪಾಪ ಮಾಡಿರಬೇಕು ಅಂತ. ದೇವರು ಬಿರುಗಾಳಿಯೊಳಗಿಂದ ಮಾತಾಡ್ತಾರೆ, ಕಾರಣ ಮಾತ್ರ ಹೇಳಲ್ಲ. ಆದ್ರೆ ಆ ಗೆಳೆಯರಲ್ಲಿ ಒಬ್ಬನಾದ ಎಲೀಫಜನಿಗೆ ಏನಂತಾರೆ ಗೊತ್ತಾ, ನೀನೂ ನಿನ್ನಿಬ್ಬರು ಗೆಳೆಯರೂ ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ, ನನ್ನ ದಾಸ ಯೋಬ ಮಾತಾಡಿದ ಅಂತ! ದೇವರ ಪರ ವಕಾಲತ್ತು ವಹಿಸಿದವರ ಮೇಲೆ ಸಿಟ್ಟು, ಜಗಳ ಆಡಿದವನ ಪರ ತೀರ್ಪು.

ಪ್ರಶ್ನೆ ಕೇಳಿದ್ರೆ ನಂಬಿಕೆ ಕಮ್ಮಿ ಅಂತ ನಮಗ್ಯಾಕೋ ಅನ್ನಿಸ್ಬಿಟ್ಟಿದೆ. ಬೈಬಲಲ್ಲೇ ನೋಡು, ಬೆರೋಯ ಅನ್ನೋ ಊರಿನವರು ಅಪೊಸ್ತಲ ಪೌಲ ಹೇಳಿದ್ದನ್ನೂ ದಿನಾ ಶಾಸ್ತ್ರ ತೆಗೆದು ಹೌದಾ ಅಂತ ಪರೀಕ್ಷೆ ಮಾಡಿದ್ರು, ಅದಕ್ಕೇ ಅವರನ್ನ ಸದ್ಗುಣವುಳ್ಳವರು ಅಂತ ಬರೆದಿದೆ. ಪೂರ್ಣ ಬುದ್ಧಿಯಿಂದಲೂ ದೇವರನ್ನ ಪ್ರೀತಿಸಬೇಕು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಎಂ.ಜಿ. ರೋಡಲ್ಲಿ ಕಿಟೆಲ್ ಪ್ರತಿಮೆ ದಾಟುವಾಗ ಈಗ ಇದೇ ಯೋಚನೆ ಬರುತ್ತೆ. 1853ರಲ್ಲಿ ಜರ್ಮನಿಯಿಂದ ಸುವಾರ್ತೆ ಸಾರೋಕೆ ಬಂದವರು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ರು, ಓದು ಬೇರೆ ಭಕ್ತಿ ಬೇರೆ ಅಂದ್ಕೊಂಡಿದ್ರೆ ಅಷ್ಟು ವರ್ಷ ಕೂತು ಕೆಲಸ ಮಾಡೋಕಾಗ್ತಿತ್ತಾ? ನಮಗೆ ಸಿಗೋದು ಒಂದು ನಿಮಿಷದ ಪ್ರಸಂಗದ ರೀಲ್ಸ್. ಕಣ್ಣಲ್ಲಿ ನೀರು ಬರುತ್ತೆ ನಿಜ, ಆದ್ರೆ ಕಷ್ಟ ಬಂದ ದಿನ ಹಿಡ್ಕೊಳ್ಳೋಕೆ ಅದರಲ್ಲಿ ಏನೂ ಉಳಿದಿರಲ್ಲ.

ನಂಗೆ ಉಳಿದಿರ್ಲಿಲ್ಲ ಕಣೋ. ತಮ್ಮ ಹೋದಾಗ ಮನೆಗೆ ಬಂದವರೆಲ್ಲ "ದೇವರ ಚಿತ್ತ" ಅಂದ್ರು, ನಾನೂ ತಲೆ ಆಡಿಸಿದೆ. ಅವತ್ತಿಂದ ಸ್ವಂತ ಮಾತಲ್ಲಿ ಪ್ರಾರ್ಥನೆ ಮಾಡೋಕೆ ಆಗಿಲ್ಲ. ಚರ್ಚಲ್ಲಿ ಎಲ್ಲರ ಜೊತೆ ಕರ್ತನ ಪ್ರಾರ್ಥನೆ ಹೇಳ್ತೀನಿ, ಮನೇಲಿ ಕಣ್ಣು ಮುಚ್ಚಿದ್ರೆ ತಮ್ಮನ ಹೆಲ್ಮೆಟ್ಟೇ ಕಾಣುತ್ತೆ, ಸಿಟ್ಟು ಬರುತ್ತೆ. ಆ ಸಿಟ್ಟನ್ನ ದೇವರ ಹತ್ರ ಹೇಳ್ಬೋದು ಅಂತ ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಈಗ ಯೋಬನ ಮಾತುಗಳನ್ನೇ ಗಟ್ಟಿಯಾಗಿ ಓದ್ತೀನಿ, ಸದ್ಯಕ್ಕೆ ಅದೇ ನನ್ನ ಪ್ರಾರ್ಥನೆ. ನಂಬಿಕೆ ಹೋಗಿಲ್ಲ. ಬೆಳೀತಾ ಇದೆ ಅಂತಾನೇ ಅನ್ಸುತ್ತೆ, ಆದ್ರೆ ನೋವಾಗುತ್ತೆ.

ಸಾಕು ಬಿಡು, ಇಷ್ಟೆಲ್ಲಾ ಬರೀಬೇಕು ಅಂತ ಕೂತಿರ್ಲಿಲ್ಲ. ಅಮ್ಮ ಆಗ್ಲೇ ಕ್ರಿಸ್‌ಮಸ್‌ಗೆ ರೋಸ್ ಕುಕೀಸ್ ಅಚ್ಚು ಹುಡುಕ್ತಿದ್ದಾರೆ, ಕುವೈತಿಗೆ ಬರೋರು ಸಿಕ್ಕಿದ್ರೆ ಕರ್ಜಿಕಾಯಿನೂ ಸೇರಿಸಿ ಡಬ್ಬಿ ಕಳಿಸ್ತಾರಂತೆ, ಹೋದ ಸಲದ ಥರ ರೂಮ್‌ಮೇಟ್ ಕೈಗೆ ಮೊದಲು ಕೊಡಬೇಡ ಮತ್ತೆ. ಶುಕ್ರವಾರ ಚರ್ಚ್ ಮುಗಿಸ್ಕೊಂಡು ಫೋನ್ ಮಾಡು. ಅಷ್ಟರಲ್ಲಿ ಯೋಬ 3ನೇ ಅಧ್ಯಾಯದಿಂದ ಓದೋಕೆ ಶುರು ಮಾಡಿರು, ಇಬ್ರೂ ಕೂತು ಮಾತಾಡೋಣ, ಎಷ್ಟೊತ್ತಾದ್ರೂ ಸರಿ.